ಭಾಬಿಯ ಸುರ್ಮಾ ಕಲ್ಲು

ಹೋದ ತಿಂಗಳು ನಮ್ಮ ಮನೆಯ ಇನ್ವರ್ಟರಿನ ಬ್ಯಾಟರಿ ಕೈಕೊಟ್ಟಿತು. ಕರೆಂಟು ಹೋದರೆ ಫ್ಯಾನು ನಾಲ್ಕು ಸುತ್ತು ತಿರುಗಿದಂತೆ ಮಾಡಿ, ನಿಟ್ಟುಸಿರು ಬಿಟ್ಟು ನಿಂತುಬಿಡುತ್ತಿತ್ತು. ಶಹಾಪುರದ ಬೇಸಿಗೆಯಲ್ಲಿ ಫ್ಯಾನು ನಿಂತರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳಿದರೆ ತಿಳಿಯುವುದಿಲ್ಲ. ರಿಪೇರಿಯವನು ಬಂದು, ಮುಚ್ಚಳ ಬಿಚ್ಚಿ ಇಣುಕಿ, "ಪ್ಲೇಟ್ ಹೋಗ್ಯಾವ್ರಿ ಅಮ್ಮಾ, ಹೊಸಾದು ತರಬೇಕು" ಎಂದ. ನಾನು ಅಭ್ಯಾಸಬಲದಿಂದ, "ತಡಿಯಪಾ, ನಮ್ಮ ಅಣ್ಣಗ ಒಂದು ಮಾತು ಕೇಳತೀನಿ" ಅಂದುಬಿಟ್ಟೆ. ಫೋನು ಕೈಗೆತ್ತಿಕೊಂಡ ಮೇಲೆ ನೆನಪಾಯಿತು, ಅಣ್ಣ ಹೋಗಿ ವರ್ಷವಾಗುತ್ತ ಬಂತು. ಫೋನಿನಲ್ಲಿ ಮಾತ್ರ ಇನ್ನೂ ಇದ್ದಾನೆ, "ಬ್ಯಾಟರಿ ಅಣ್ಣ" ಎಂಬ ಹೆಸರಿನಲ್ಲಿ. ಅದನ್ನು ಅಳಿಸಲು ನನಗೆ ಬೆರಳು ಏಳುವುದಿಲ್ಲ.

ಅಣ್ಣ ಅಂದರೆ ಹುಸೇನಸಾಬ. ಬಸ್‌ ಸ್ಟ್ಯಾಂಡಿನ ಹಿಂದೆ ಅವನ ಬ್ಯಾಟರಿ ಅಂಗಡಿ. ನಾನು ಶರಣಮ್ಮ, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ಕಲಿಸಿ ಗಂಟಲು ಸವೆಸಿಕೊಂಡು ನಿವೃತ್ತಳಾದವಳು. ಇವರಿಬ್ಬರು ಅಣ್ಣ ತಂಗಿ ಹೇಗಾದರು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಸುರಪುರದಲ್ಲಿ ನಮ್ಮ ತಂದೆಯ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಮೆಣಸಿನಕಾಯಿ ಹುರಿದರೆ ಈ ಕಡೆ ಸೀನು ಬರುತ್ತಿತ್ತು. ನನಗೆ ಒಡಹುಟ್ಟಿದವರಿಲ್ಲ, ಅವನಿಗೂ ಇಲ್ಲ. ನಮ್ಮ ಕಡೆ ನಾಗರಪಂಚಮಿಗೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಗಳನ್ನು ತವರಿಗೆ ಕರೆದೊಯ್ಯಬೇಕು. ನನ್ನ ಮದುವೆಯಾದ ಮೊದಲ ಪಂಚಮಿಗೆ ಅವನು ಲೂನಾ ಏರಿ, ತಲೆಗೆ ಟೋಪಿ ಹಾಕಿಕೊಂಡು, ಸಗರದ ನನ್ನ ಗಂಡನ ಮನೆಯ ಮುಂದೆ ಬಂದು ನಿಂತ. ನಮ್ಮ ಅತ್ತೆ ಕಣ್ಣು ಕಿರಿದು ಮಾಡಿ, "ಯಾರವಾ ಇವರು?" ಅಂದರು. "ನಮ್ಮ ಅಣ್ಣರಿ" ಅಂದೆ. ಅತ್ತೆ ಟೋಪಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ, "ಅಣ್ಣ ಅಂದಮ್ಯಾಲ ನಿಂತು ಏನು ನೋಡ್ತಿ, ಕಾಲಿಗಿ ನೀರು ಕೊಡು" ಎಂದು ನನಗೇ ಗದರಿದರು.

ಸರಿ, ಬ್ಯಾಟರಿಯ ಮಾತಿಗೆ ಬರುತ್ತೇನೆ. ಬ್ಯಾಟರಿಯ ಒಳಗೆ ಇರುವುದು ಸೀಸದ ತಟ್ಟೆಗಳೆಂದು ಎಲ್ಲರಿಗೂ ಗೊತ್ತು. ಆದರೆ ಸೀಸ ಒಂದೇ ಆದರೆ ಆ ತಟ್ಟೆ ನಿಲ್ಲುವುದಿಲ್ಲ. ಸೀಸ ಮೆದು, ಉಗುರಿನಿಂದ ಗೀರಬಹುದು. ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಅದಕ್ಕೆ ಸ್ವಲ್ಪವೇ ಸ್ವಲ್ಪ ಆಂಟಿಮನಿ ಎಂಬ ಇನ್ನೊಂದು ಧಾತುವನ್ನು ಬೆರೆಸಿದರೆ ಬೆನ್ನು ನೆಟ್ಟಗಾಗುತ್ತದೆ. ಹುಸೇನಣ್ಣ ಅದನ್ನು "ಕಡಕ್ ಸೀಸ" ಅನ್ನುತ್ತಿದ್ದ. ಆಂಟಿಮನಿ ಸೇರಿದ ಬ್ಯಾಟರಿಗೆ ನೀರಡಿಕೆ ಜಾಸ್ತಿ. ಆಗಾಗ ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು. ನಾನು ಮರೆತು ಬ್ಯಾಟರಿಯನ್ನು ಒಣಗಿಸಿದಾಗಲೆಲ್ಲ ಅವನು ಬಂದು, "ಕಾಲೇಜಿನ್ಯಾಗ ಎಲ್ಲಾರಿಗೂ ಕಲಸ್ತಿ, ಮನ್ಯಾಗ ಬ್ಯಾಟರಿಗಿ ಒಂದು ಲೋಟ ನೀರು ಕೊಡಾಂಗಿಲ್ಲ" ಎಂದು ಬೈದು, ತಾನೇ ಹಾಕಿ, ಚಹಾ ಕುಡಿದು ಹೋಗುತ್ತಿದ್ದ.

ನಮ್ಮ ಪಠ್ಯಪುಸ್ತಕದಲ್ಲಿ ಈ ಆಂಟಿಮನಿಗೆ ಸಿಗುತ್ತಿದ್ದದ್ದು ತೀರ ಸ್ವಲ್ಪ ಜಾಗ. ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆ ಬರುವುದಿಲ್ಲವೆಂದು ಮಕ್ಕಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸಾರಜನಕ, ರಂಜಕ ಎಂದು ಮೇಲಿನಿಂದ ಇಳಿಯುತ್ತ ಬಂದರೆ ಕೆಳಗೆ ಆರ್ಸೆನಿಕ್, ಅದರ ಕೆಳಗೆ ಇದು, ಸಂಖ್ಯೆ ಐವತ್ತೊಂದು. ನೋಡಲು ಬೆಳ್ಳಿಯಂತೆ ಹೊಳೆಯುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವಂತೆ ಹೊಳೆಯುವುದೆಲ್ಲ ಬೆಳ್ಳಿಯೂ ಅಲ್ಲ: ಬೆಳ್ಳಿಯನ್ನು ಬಡಿದರೆ ತಗಡಾಗುತ್ತದೆ, ಇದನ್ನು ಬಡಿದರೆ ಪುಡಿಯಾಗುತ್ತದೆ. ಲೋಹವೆನ್ನೋಣವೆಂದರೆ ಕರೆಂಟನ್ನೂ ಕಾವನ್ನೂ ಒಲ್ಲದ ಮನಸ್ಸಿನಿಂದ ಹರಿಯಗೊಡುತ್ತದೆ. ಲೋಹವಲ್ಲವೆನ್ನೋಣವೆಂದರೆ ಆ ಹೊಳಪು. ಅಡ್ಡಗೋಡೆಯ ಮೇಲೆ ಕೂತ ಇಂಥವನ್ನು ಪುಸ್ತಕದವರು ಲೋಹಾಭ ಎಂದು ಕರೆದು ಕೈತೊಳೆದುಕೊಂಡಿದ್ದಾರೆ. ನಾನೂ ಹಾಗೆಯೇ ಹೇಳಿ ಮುಂದೆ ಹೋಗುತ್ತಿದ್ದೆ.

ಆದರೆ ಈ ಧಾತುವನ್ನು ನಾನು ಪುಸ್ತಕಕ್ಕಿಂತ ಮುಂಚೆ ಕಂಡಿದ್ದೆ. ಸುರಪುರದ ನಮ್ಮ ಓಣಿಯ ತುದಿಯಲ್ಲಿ ಒಂದು ಅಚ್ಚುಕೂಟವಿತ್ತು. ಲಗ್ನಪತ್ರಿಕೆ, ಕರಪತ್ರ, ಅಂಗಡಿಯ ರಸೀದಿ ಬುಕ್ಕು, ಇಷ್ಟೇ ಅದರ ಸಾಹಿತ್ಯ. ಸವೆದ ಅಚ್ಚುಮೊಳೆಗಳನ್ನು ಹಿಂದಿನ ಗಟಾರದ ಬದಿಗೆ ಎಸೆಯುತ್ತಿದ್ದರು. ನಾನು, ಹುಸೇನಣ್ಣ ಅವನ್ನು ಆಯ್ದು ತಂದು ಕಬ್ಬಿಣದ ಸೌಟಿನಲ್ಲಿ ಕರಗಿಸುತ್ತಿದ್ದೆವು. ಒಲೆಯ ಮೇಲೆ ಅದು ಥಳಥಳ ಎಂದು ಕರಗಿ ಓಡಾಡುವಾಗ ಅಣ್ಣನ ಮುಖದ ಮೇಲೆ ಬರುತ್ತಿದ್ದ ಕಳೆಯನ್ನು ನಾನು ಆಮೇಲೆ ಅವನ ನಿಕಾಹದಲ್ಲೂ ನೋಡಲಿಲ್ಲ. ಹಸಿ ಮಣ್ಣಿನಲ್ಲಿ ಹುಣಸೆಬೀಜ ಒತ್ತಿ, ಆ ಗುಳಿಗೆ ಎರೆದರೆ ಹುಣಸೆಬೀಜದ ಗೆರೆ ಗೆರೆಯೂ ಮೂಡಿ ಬರುತ್ತಿತ್ತು. ನಮ್ಮವ್ವನಿಗೆ ಪಲ್ಯದ ಸೌಟು ಯಾಕೆ ಕಪ್ಪಾಗಿದೆಯೆಂದು ಗೊತ್ತಾದ ದಿನ ನನ್ನ ಬೆನ್ನ ಮೇಲೂ ಗೆರೆ ಮೂಡಿದವು. ಆ ಸೌಟಿನಲ್ಲಿ ಮತ್ತೆ ಪಲ್ಯ ಬಡಿಸದೆ ತಿಪ್ಪೆಗೆ ಎಸೆದಳಲ್ಲ, ಅವಳಿಗೆ ಈಗ ಕೈಮುಗಿಯಬೇಕು.

ಗೆರೆ ಅಷ್ಟು ಚೊಕ್ಕವಾಗಿ ಹೇಗೆ ಬರುತ್ತಿತ್ತು ಎಂಬುದು ತಿಳಿದದ್ದು ಕಲಬುರಗಿಯಲ್ಲಿ ಡಿಗ್ರಿ ಓದುವಾಗ. ಕರಗಿದ ಲೋಹಗಳು ಆರುವಾಗ ಸಾಮಾನ್ಯವಾಗಿ ಕುಗ್ಗುತ್ತವೆ, ಅಚ್ಚಿನ ಗೋಡೆಯಿಂದ ದೂರ ಸರಿಯುತ್ತವೆ. ಆಂಟಿಮನಿ ಆರುವಾಗ ತುಸು ಹಿಗ್ಗುತ್ತದೆ. ಹೀಗಾಗಿ ಸೀಸಕ್ಕೂ ತವರಕ್ಕೂ ಇದನ್ನು ಬೆರೆಸಿದರೆ ಅಚ್ಚಿನ ಮೂಲೆ ಮೂಲೆಯೂ ತುಂಬಿ, ಅಕ್ಷರದ ಕೊಂಬು, ಒತ್ತು, ತಲೆಕಟ್ಟು ಎಲ್ಲ ನಿಚ್ಚಳವಾಗಿ ನಿಲ್ಲುತ್ತವೆ. ನಮ್ಮ ಭಾಷೆಯ ಒತ್ತಕ್ಷರಗಳ ಕಾಟವನ್ನು ಅಷ್ಟು ವರ್ಷ ಸಹಿಸಿದ್ದು ಈ ಧಾತು. ಅದಕ್ಕೆ ಯಾವ ಸಮ್ಮೇಳನದಲ್ಲೂ ಯಾರೂ ಒಂದು ಶಾಲು ಹೊದಿಸಲಿಲ್ಲ.

ಶಾಲು ಹೊದಿಸುವುದಿರಲಿ, ಮನೆಯಲ್ಲಿ ಇದೆಯೆಂದೇ ಯಾರಿಗೂ ತಿಳಿಯದು. ಬೆಂಕಿಪೊಟ್ಟಣದಲ್ಲಿ ಇದರ ಗಂಧಕದ ಕಲ್ಲನ್ನು ಬಳಸುತ್ತ ಬಂದಿದ್ದಾರೆ. ಕಿಡಿ ಹೊತ್ತಿಸುವಲ್ಲಿ ಇದರ ಕೈ ಇದೆ. ಪರದೆಗೆ, ವೈರಿನ ಹೊದಿಕೆಗೆ, ಟಿವಿಯ ಪ್ಲಾಸ್ಟಿಕ್ಕಿಗೆ ಇದರ ಬಿಳಿ ಭಸ್ಮವನ್ನು ಸೇರಿಸುತ್ತಾರೆ. ಬೆಂಕಿ ಬೇಗ ಹಬ್ಬದಂತೆ ತಡೆಯಲು. ಹೊತ್ತಿಸುವುದಕ್ಕೂ ಅದೇ, ಆರಿಸುವುದಕ್ಕೂ ಅದೇ. ಬಂದೂಕಿನ ಗುಂಡಿನ ಸೀಸ ಗಟ್ಟಿಯಾಗುವುದು ಇದರಿಂದ. ನೀವು ಬಸ್ಸಿನಲ್ಲಿ ಕುಡಿದು ಎಸೆಯುವ ನೀರಿನ ಬಾಟಲಿಯ ಪ್ಲಾಸ್ಟಿಕ್ಕು ತಯಾರಾಗುವಾಗಲೂ ಇದರ ಚಿಟಿಕೆ ಬೇಕು. ಮದುವೆ ಮನೆಯಲ್ಲಿ ಬೆಳಗಿನಿಂದ ದುಡಿದು, ಫೋಟೋ ತೆಗೆಯುವಾಗ ಮಾತ್ರ ಎಲ್ಲೂ ಕಾಣದ ನೆಂಟರು ಇರುತ್ತಾರಲ್ಲ, ಅಂಥದ್ದು ಇದರ ಪಾಡು.

"ನಮ್ಮ ಗುಡ್ಡದಾಗ ಸಿಗತದೇನ್ರಿ ಮೇಡಂ?" ಎಂದು ಪ್ರತಿ ವರ್ಷವೂ ಒಬ್ಬರಾದರೂ ಕೇಳುತ್ತಿದ್ದರು. ಶಹಾಪುರದ ಗುಡ್ಡ ಕಿಟಕಿಯಿಂದಲೇ ಕಾಣುತ್ತಿತ್ತು. "ನಮ್ಮ ಗುಡ್ಡದಾಗ ಕಲ್ಲು ಸಿಗತಾವ, ಒಡದು ನೋಡಿದ್ರ ಒಳಗೂ ಕಲ್ಲೇ" ಎನ್ನುತ್ತಿದ್ದೆ. ಇದರ ಅದಿರು ಹೆಚ್ಚಾಗಿ ಬರುವುದು ಚೀನಾದಿಂದ, ತಜಿಕಿಸ್ತಾನದಿಂದ, ದೂರದ ಬೊಲಿವಿಯಾದಿಂದ. ನಮ್ಮ ದೇಶದಲ್ಲಿ ಹಿಮಾಲಯದ ಎತ್ತರದಲ್ಲಿ ಒಂದಿಷ್ಟು ಉಂಟು, ಕೈಗೆ ಹತ್ತುವಷ್ಟಲ್ಲ. ಉಳಿದದ್ದು ಸತ್ತ ಬ್ಯಾಟರಿಗಳನ್ನು ಕರಗಿಸಿ ಮತ್ತೆ ಪಡೆದದ್ದು. ಆ ಅದಿರಿಗೆ ಸ್ಟಿಬ್ನೈಟ್ ಎಂದು ಹೆಸರು. ಸೂಜಿ ಸೂಜಿಯಾಗಿ, ಬೂದು ಹೊಳಪಿನ ಕಲ್ಲು. ಅದನ್ನು ನುಣ್ಣಗೆ ಅರೆದರೆ ಕರ್ರಗಿನ ಪುಡಿಯಾಗುತ್ತದೆ. ಸಾವಿರಾರು ವರ್ಷ ಜನ ಅದನ್ನು ಕಣ್ಣಿಗೆ ಹಚ್ಚಿಕೊಂಡಿದ್ದಾರೆ. ನಮ್ಮಲ್ಲಿ ಅಂಜನ ಅಂದರು, ಅವರಲ್ಲಿ ಸುರ್ಮಾ ಅಂದರು.

ಈಗ ಕತೆ ಸುರ್ಮಾಕ್ಕೆ ಬಂತು. ಹುಸೇನಣ್ಣನ ಮನೆಯಲ್ಲಿ ಕೂಸು ಹುಟ್ಟಿದರೆ ಆರನೆಯ ದಿನ ಛಟ್ಟಿ. ಆ ದಿನ ಕೂಸಿನ ಫುಪ್ಪು, ಅಂದರೆ ತಂದೆಯ ಒಡಹುಟ್ಟಿದವಳು, ಅದರ ಕಣ್ಣಿಗೆ ಸುರ್ಮಾ ಹಚ್ಚಬೇಕು. ಅದು ಅವಳ ಹಕ್ಕು, ಬೇರೆ ಯಾರೂ ಆ ಸಲಾಯಿಯನ್ನು, ಹಚ್ಚುವ ಕಡ್ಡಿಯನ್ನು, ಮುಟ್ಟುವಂತಿಲ್ಲ. ಅಣ್ಣನ ಮಗ ರಫಿ ಹುಟ್ಟಿದಾಗ ಫುಪ್ಪು ಎಲ್ಲಿಂದ ತರಬೇಕು? ನಾನು ಆಗ ತವರಿಗೆ ಬಂದಿದ್ದೆ. ಅಣ್ಣನ ತಾಯಿ ಗೋಡೆಯ ಆಚೆಯಿಂದಲೇ ಕೂಗಿದಳು: "ಶರಣೀ, ಕೈ ತೊಳ್ಕೊಂಡು ಬಾ. ಇವನ ಫುಪ್ಪು ನೀನೇ." ನಾನು ನಮ್ಮವ್ವನ ಮುಖ ನೋಡಿದೆ. ಅವಳು ಕಸಬರಿಗೆ ಕೆಳಗಿಡದೆ, "ಕರದಾರ, ಹೋಗು" ಅಂದಳು. ಹಾಗೆ ನಾನು ಫುಪ್ಪು ಆದೆ. ಅಂದಿನಿಂದ ಪ್ರತಿ ಈದಿಗೆ ಮನೆಮಗಳ ಪಾಲಿನ ಸುರಕುಂಬಾ ಪಾಯಸ ನನಗೆ ಬಂತು, ಪ್ರತಿ ಪಂಚಮಿಗೆ ನನ್ನ ಉಂಡಿ ಆ ಮನೆಗೆ ಹೋಯಿತು. ಅಪ್ಪ ಅವ್ವ ಹೋದ ಮೇಲೆ ಸುರಪುರದ ಮನೆ ಬೇರೆಯವರದಾಯಿತು. ಅಣ್ಣ ಅದಕ್ಕೂ ಮೊದಲೇ ಶಹಾಪುರಕ್ಕೆ ಬಂದು ನೆಲೆಸಿದ್ದರಿಂದ ನನ್ನ ತವರು ಅಲ್ಲಿಂದ ಎದ್ದು ಇಲ್ಲಿಗೆ ಬಂದಂತಾಯಿತು. ಎರಡು ಓಣಿ ದಾಟಿದರೆ ತವರು.

ಈಚೆಗೆ ರಫಿಗೆ ಮಗಳು ಹುಟ್ಟಿದಳು. ಸೊಸೆ ಶಾಹೀನ ಹೆರಿಗೆಗೆ ವನದುರ್ಗದ ತನ್ನ ತವರಿಗೆ ಹೋಗಿದ್ದಳು. ಚಿಲ್ಲಾ, ಅಂದರೆ ನಲವತ್ತು ದಿನದ ಬಾಣಂತನ, ಮುಗಿಸಿ ಕೂಸಿನೊಡನೆ ಬರುವವಳಿದ್ದಳು. ಅಣ್ಣನ ಹೆಂಡತಿ ಖಾಜಾಬಿ, ನನ್ನ ಭಾಬಿ, ಫೋನು ಮಾಡಿದಳು.

"ಶರಣಮ್ಮಾ, ಶುಕ್ರವಾರ ಕೂಸು ಬರ್ತದ. ಛಟ್ಟಿ ದಿವಸ ಅಲ್ಲಿ ಸುರ್ಮಾ ಹಚ್ಚಿಲ್ಲ. ರಫಿಗೂ ತಂಗಿ ಇಲ್ಲ ಅಕ್ಕ ಇಲ್ಲ. ಅಪ್ಪಗ ಹಚ್ಚಿದಾಕಿ ಮಗಳಿಗೂ ಹಚ್ಚಲಿ. ಈ ಸಲ ಬಜಾರದ್ದಲ್ಲ, ನಿಮ್ಮ ಅಣ್ಣ ತಂದ ಕಲ್ಲಿಂದು."

ಆ ಕಲ್ಲು ನನಗೆ ಗೊತ್ತಿತ್ತು, ಹೆಸರು ಕೇಳಿ ಮಾತ್ರ. ಅಣ್ಣ ತನ್ನ ತಾಯಿಯನ್ನು ಹಜ್‌ಗೆ ಕರೆದೊಯ್ದಾಗ ಭಾಬಿ ಹೋಗಲಾಗಿರಲಿಲ್ಲ. ಆಕೆಗಾಗಿ ಮದೀನಾದ ಬಜಾರಿನಿಂದ ಒಂದು ಸುರ್ಮಾ ಕಲ್ಲು ತಂದಿದ್ದ. ನಾನು ಫೋನಿನಲ್ಲಿ ಹಿಗ್ಗಿ, "ಆತು ಭಾಬಿ, ಬರ್ತೀನಿ" ಅಂದೆ. ಹಿಗ್ಗುವಾಗ ಮನುಷ್ಯನಿಗೆ ಓದಿದ್ದೆಲ್ಲ ಮರೆತುಹೋಗುತ್ತದೆ.

ನೆನಪಿಸಿದವಳು ಶಾಹೀನ. ಅವಳೂ ವನದುರ್ಗದಿಂದ ಫೋನು ಹಚ್ಚಿದಳು. "ಮೇಡಂ, ನೀವು ಹೂಂ ಅಂದ್ರಂತ. ಹೆಂಗ ಅಂದ್ರಿ ಮೇಡಂ? ಕ್ಲಾಸಿನ್ಯಾಗ ನೀವೇ ಹೇಳಿದ್ರಲ್ರಿ, ಸುರ್ಮಾ ಅಂತ ಮಾರೂದು ಬಹಳ ಸಲ ಆಂಟಿಮನಿ ಇರಂಗಿಲ್ಲ, ಸೀಸದ ಕಲ್ಲು ಇರ್ತದ, ಸಣ್ಣ ಕೂಸಿನ ಮೈಯಾಗ ಸೀಸ ಹೋದ್ರ ಬುದ್ಧಿ ಬೆಳಿಯಾಂಗಿಲ್ಲ ಅಂತ."

ಹೌದು, ಅವಳು ನನ್ನ ವಿದ್ಯಾರ್ಥಿನಿ. ವರ್ಷಗಟ್ಟಲೆ ನಾನು ಕಲಿಸಿದ ಸಮೀಕರಣಗಳಲ್ಲಿ ಒಂದೂ ಯಾರಿಗೂ ನೆನಪಿಲ್ಲ. ಬೀದಿಯಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಗಳು ನನ್ನ ಸೀರೆಗಳನ್ನು ನೆನೆಯುತ್ತಾರೆ, ಪಾಠವನ್ನಲ್ಲ. ಪುಸ್ತಕದ ಹೊರಗಿಂದ ಹೇಳಿದ ಈ ಒಂದು ಮಾತು ಮಾತ್ರ ಒಬ್ಬಳ ತಲೆಯಲ್ಲಿ ಉಳಿದು, ನನ್ನ ತವರಿಗೇ ಸೊಸೆಯಾಗಿ ಬಂದಿತ್ತು. "ನೀವು ಬ್ಯಾಡಂದ್ರ ಅತ್ತಿ ಕೇಳ್ತಾರ್ರಿ. ನಾ ಬ್ಯಾಡಂದ್ರ ಮನಿ ಮುರಿಯಾಕ ಬಂದಾಳ ಅಂತಾರ" ಎಂದಳು. ಅವಳ ದನಿಯಲ್ಲಿ ಅಳು ಇತ್ತು.

ಶುಕ್ರವಾರ ಹೋದೆ. ಅತ್ತ ದರಿ, ಇತ್ತ ಪುಲಿ. ರಫಿ ಬಾಗಿಲಲ್ಲೇ ಸಿಕ್ಕ, "ಬರ್ರಿ ಫುಪ್ಪು, ನಾ ಅಂಗಡಿಗಿ ಹೋಗಿ ಬರ್ತೀನಿ, ಗಿರಾಕಿ ಬಂದಾರ" ಎಂದು ನುಣುಚಿಕೊಂಡ. ಹೆಂಗಸರ ಜಗಳದ ವಾಸನೆ ಬಂದೊಡನೆ ಗಂಡಸರಿಗೆ ಎಲ್ಲಿಂದಲೋ ಗಿರಾಕಿ ಬರುತ್ತಾರೆ. ಒಳಗೆ ಶಾಹೀನ ಕೂಸನ್ನು ಎದೆಗೆ ಅವುಚಿಕೊಂಡು ಮೂಲೆಯಲ್ಲಿ ಕೂತಿದ್ದಳು. ಭಾಬಿ ಚಾಪೆಯ ಮೇಲೆ ಹಿತ್ತಾಳೆಯ ಸುರ್ಮಾದಾನಿ, ತೊಳೆದು ಒರೆಸಿದ ಸಲಾಯಿ, ಕಬ್ಬಿಣದ ಕುಟ್ಟಾಣಿ ಎಲ್ಲ ಸಜ್ಜು ಮಾಡಿಟ್ಟಿದ್ದಳು. ನಡುವೆ ಹಸಿರು ಬಟ್ಟೆಯ ಗಂಟು.

"ನೀನೇ ಪಂಚಾಯ್ತಿ ಮಾಡು ಬಾ" ಎಂದಳು. "ಈಕಿಗಿ ನೀ ಏನೋ ಕಲಿಸೀದಿ ಅಂತ. ಹಂಗಾರ ರಫಿ ಕಣ್ಣಿಗಿ ಏನಾಗ್ಯದ? ಹದ್ದಿನ ಕಣ್ಣು."

"ಎದುರಿಗಿ ಇಟ್ಟ ಕೀಲಿ ಕಾಣಂಗಿಲ್ಲ ಅವರಿಗಿ" ಎಂದಳು ಶಾಹೀನ, ಗೋಡೆಗೆ ಹೇಳಿದಂತೆ.

"ಅದು ಕಣ್ಣಿಂದಲ್ಲ, ಗಂಡಸಾಗಿದ್ದಕ್ಕ" ಎಂದಳು ಭಾಬಿ. ನಗಬೇಕೆನಿಸಿತು, ಯಾರೂ ನಗಲಿಲ್ಲ. ಭಾಬಿ ನನ್ನ ಕಡೆ ತಿರುಗಿದಳು. "ನೋಡು, ನಾನೂ ಮೊಮ್ಮಗಳ ಕಣ್ಣು ಕಳಿಯಾಕ ಕುಂತಿಲ್ಲ. ನೀ ಓದಿದಾಕಿ. ಈ ಕಲ್ಲು ನೋಡಿ ಹೇಳು. ಸುಳ್ಳಿದ್ರ ನಾ ಬಾಯಿ ಬಿಚ್ಚಂಗಿಲ್ಲ. ಖರೇ ಸುರ್ಮಾ ಇದ್ರ ಒಂದು ಗೆರಿ, ಒಂದೇ ಗೆರಿ ಹಚ್ಚಬೇಕು. ಅವರು ಇದ್ದಿದ್ರ ಹಚ್ಚಸ್ತಿದ್ರು."

"ಖರೇ ಇದ್ರೂ ಬ್ಯಾಡ್ರಿ ಅತ್ತಿ, ಡಾಕ್ಟರು ಕಣ್ಣಿಗಿ ಏನೂ ಹಚ್ಚಬ್ಯಾಡಂದಾರ" ಎಂದಳು ಶಾಹೀನ. ಅವಳ ಮಾತೇ ಸರಿ. ಆಂಟಿಮನಿಯೇನು ಸಾಧು ಧಾತುವಲ್ಲ, ಆರ್ಸೆನಿಕ್ಕಿನ ಒಡಹುಟ್ಟು. ಆದರೆ ಭಾಬಿ ಕೇಳುತ್ತಿದ್ದದ್ದು ಡಾಕ್ಟರರ ಪ್ರಶ್ನೆಯನ್ನಲ್ಲ. ಗಂಡ ದೂರದ ಪುಣ್ಯಭೂಮಿಯಿಂದ ತನಗೆಂದು ತಂದದ್ದು ಖರೆಯೋ ಸುಳ್ಳೋ ಎಂದು ಕೇಳುತ್ತಿದ್ದಳು.

ನನಗೆ ಹೆದರಿಕೆಯಾಯಿತು, ಮುಚ್ಚಿಡುವುದೇನು. ಕೂಸಿನ ಸಲುವಾಗಿ ಆ ಕಲ್ಲು ಸುಳ್ಳಾಗಿರಲಿ ಎಂದು ಬೇಡಿಕೊಂಡೆ, ಅಣ್ಣನ ಸಲುವಾಗಿ ಖರೆಯಾಗಿರಲಿ ಎಂದು ಬೇಡಿಕೊಂಡೆ. ಎರಡೂ ಬೇಡಿಕೆ ಒಂದೇ ಉಸಿರಿನಲ್ಲಿ. ಸುಳ್ಳೆಂದು ನನ್ನ ಬಾಯಿಂದಲೇ ಬಂದರೆ, ಸತ್ತ ಅಣ್ಣನನ್ನು ಮೋಸಹೋದವನೆಂದು ಅವನ ಮನೆಯಲ್ಲೇ ಕೂತು ಹೇಳಿದ ಹಾಗೆ. ಅವನಿಲ್ಲದ ಮೇಲೆ ಆ ಮನೆಗೂ ನನಗೂ ಇದ್ದ ಎಳೆ ಈ ಫುಪ್ಪುತನ ಒಂದೇ. ಅದನ್ನು ನಾನೇ ಕತ್ತರಿಸಿದರೆ ಮುಂದಿನ ಪಂಚಮಿಗೆ ನನ್ನ ಉಂಡಿಯ ಡಬ್ಬಿ ಎಲ್ಲಿಗೆ ಹೋಗಬೇಕು?

ಗಂಟು ಬಿಚ್ಚಿ ಭಾಬಿ ಕಲ್ಲನ್ನು ನನ್ನ ಅಂಗೈ ಮೇಲಿಟ್ಟಳು. ಕೈ ಕೆಳಗೆ ಹೋಯಿತು. ಅಷ್ಟರಲ್ಲೇ ನನಗೆ ಗೊತ್ತಾಗಿ ಹೋಯಿತು. ನಿಂಬೆಹಣ್ಣಿನಷ್ಟಿದ್ದ ಕಲ್ಲು ಅಷ್ಟು ಭಾರವಾಗಬೇಕಾದರೆ ಒಳಗೆ ಸೀಸವೇ ಇರಬೇಕು. ಸ್ಟಿಬ್ನೈಟ್ ಇಷ್ಟು ತೂಗುವುದಿಲ್ಲ. ಆದರೂ ಆಸೆ ಬಿಡಲಿಲ್ಲ, ಕಿಟಕಿಯ ಹತ್ತಿರ ಹೋಗಿ ತಿರುಗಿಸಿ ನೋಡಿದೆ. ಒಂದು ಮೂಲೆ ಮುರಿದಿತ್ತು. ಮುರಿದ ಕಡೆ ಸೂಜಿಯಂಥ ಎಳೆ ಒಂದೂ ಇಲ್ಲ, ಸಣ್ಣ ಸಣ್ಣ ಚೌಕ, ಮೆಟ್ಟಿಲು ಮೆಟ್ಟಿಲು, ಎಲ್ಲ ನೇರ ಮೂಲೆ. ಸೀಸದ ಅದಿರು ಒಡೆಯುವುದೇ ಹಾಗೆ. ಇದನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಚಿತ್ರ ಬರೆದು ತೋರಿಸಿದ್ದೇನೆ.

"ಭಾಬಿ, ಇದು ಸುರ್ಮಾ ಅಲ್ಲ. ಸೀಸದ ಕಲ್ಲು."

ಶಾಹೀನಳ ಮುಖದಲ್ಲಿ ಗೆದ್ದ ಕಳೆ ಬರಬಹುದೆಂದು ನೋಡಿದೆ, ಬರಲಿಲ್ಲ. ಅವಳು ತಲೆ ತಗ್ಗಿಸಿ ಕೂಸಿನ ಕುಲಾವಿ ಸರಿಮಾಡುತ್ತಿದ್ದಳು.

"ಮದೀನಾದಿಂದ ತಂದದ್ದು" ಎಂದಳು ಭಾಬಿ.

"ಎಲ್ಲಿಂದ ತಂದ್ರೂ ಸೀಸ ಸೀಸನೇ" ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮೇಷ್ಟ್ರಗಿರಿ ಮಾಡಿದವರ ನಾಲಿಗೆಗೆ ನಿವೃತ್ತಿ ಇರುವುದಿಲ್ಲ. ಏನಾದರೂ ಬೇರೆ ಮಾತು ಬೇಕಿತ್ತು. "ಈ ಮೂಲಿ ಯಾರು ಮುರದಾರ ಭಾಬಿ?" ಎಂದೆ.

"ನಿಮ್ಮ ಅಣ್ಣನೇ. ಬಂದ ಹೊಸದಾಗ ನಾ ಕುಟ್ಟಾಣಿ ತೊಳದು ಇಟ್ಟಿದ್ದೆ. ತಡಿ ಅಂತ ಮೂಲಿ ಮುರಕೊಂಡು ಅಂಗಡಿಗಿ ಹೋದ್ರು. ಸಂಜಿಕ ಬಂದ್ರ ಮಾರಿ ಸಪ್ಪಗ. ಏನಾತ್ರಿ ಅಂದ್ರ, ಏನಿಲ್ಲ ಅಂದ್ರು. ಕುಟ್ಟಲೇನ್ರಿ ಅಂದ್ರ, ಬ್ಯಾಡ, ಇದು ಕುಟ್ಟೂ ಕಲ್ಲಲ್ಲ, ಇಟ್ಟುಕೊಳ್ಳೂ ಕಲ್ಲು ಅಂದ್ರು. ಆಮ್ಯಾಲ ಎಷ್ಟು ಸಲ ಕೇಳಿದ್ರೂ ಅದೇ ಮಾತು. ನನಗಂತ ತಂದು ನನಗ ಹಚ್ಚಿಕೊಳ್ಳಾಕ ಕೊಡಲಿಲ್ಲ ಅಂತ ನಾ ಎಷ್ಟು ಸಿಟ್ಟಾಗಿದ್ದೆ ಶರಣಮ್ಮಾ. ನನ್ನ ಕಣ್ಣಿಗಿ ಆ ಕಲ್ಲಿನ ಕಿಮ್ಮತ್ತು ಇಲ್ಲೇನು ಅಂತ ಒಮ್ಮೆ ಕೇಳೇಬಿಟ್ಟೆ. ಸುಮ್ಮಕ ಕುಂತ್ರು. ಬಜಾರದ ಸುರ್ಮಾ ತರ್ರಿ ಹಂಗಾರ ಅಂದೆ. ಅದನ್ನೂ ತರಲಿಲ್ಲ. ನಿಮ್ಮವ್ವನ ಕಡಿಂದ ಔಡಲೆಣ್ಣಿ ದೀಪದ ಕಾಡಿಗಿ ಮಾಡಿಸಿ ತಂದು..."

ಅವಳ ಕಣ್ಣು ನನ್ನ ಕೈಯಲ್ಲಿದ್ದ ಕಲ್ಲಿನ ಮೇಲೆ ಹೋಯಿತು. ನನಗೂ ಆ ಕಾಡಿಗೆಯ ಡಬ್ಬಿ ಕಣ್ಣ ಮುಂದೆ ಬಂತು. ಅವ್ವ ಇರುವವರೆಗೂ ಅಣ್ಣ ಸುರಪುರಕ್ಕೆ ಹೋದಾಗಲೆಲ್ಲ, "ಅವ್ವಾ, ಒಂದು ಡಬ್ಬಿ ಕಾಡಿಗಿ ಕೊಡು, ನಮ್ಮ ಮನ್ಯಾಕಿಗಿ" ಎಂದು ಕೇಳಿ ತರುತ್ತಿದ್ದ. ಹೆಂಡತಿಯ ಮೇಲೆ ಅಷ್ಟು ಪ್ರೀತಿಯೇ ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು. ದೀಪದ ಕಾಡಿಗೆ ಅಂದರೆ ಬರೀ ಮಸಿ, ಸೀಸದ ಸೋಂಕಿಲ್ಲ.

ದಿನಾ ಸೀಸ ಕರಗಿಸುವವನು ಅವನು. ಮುರಿದ ಮೂಲೆಯನ್ನು ಇದ್ದಿಲ ಕಾವಿಗೆ ಹಾಕಿದಾಗ ಏನು ಕರಗಿ ಬಂತೆಂದು ನೋಡಿದ್ದಾನೆ. ನೋಡಿ, ಬಾಯಿಗೆ ಬೀಗ ಹಾಕಿಕೊಂಡಿದ್ದಾನೆ.

"ಅವರಿಗಿ ಗೊತ್ತಿತ್ತು" ಎಂದಳು ಭಾಬಿ. "ಶರಣಮ್ಮಾ, ಅವರಿಗಿ ಗೊತ್ತಿತ್ತು. ಸುಳ್ಳು ಕಲ್ಲು ಅಂತ ಹೇಳಿದ್ರ ನನ್ನ ಮನಸ್ಸು ಮುರೀತದ ಅಂತ ಹೇಳಲಿಲ್ಲ. ಹಚ್ಚಿಕೊಂಡ್ರ ಕಣ್ಣು ಕೆಡ್ತಾವ ಅಂತ ಕೊಡಲೂ ಇಲ್ಲ. ನಾ ಅಂದಿದ್ದೆಲ್ಲಾ ಅನಸ್ಕೊಂಡು ಸುಮ್ಮಕ ಇದ್ರು." ಸೆರಗಿನಿಂದ ಕಣ್ಣೊತ್ತಿಕೊಂಡಳು. ಆಮೇಲೆ ಅದೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ಅಣ್ಣ ಹೋದ ದಿನ ಕೂಡ ಅವಳು ಹೀಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನಾನೂ ಅತ್ತೆ. ಒಬ್ಬ ಮನುಷ್ಯ ಹೆಂಡತಿಯ ಸಿಟ್ಟನ್ನು ಅಷ್ಟು ವರ್ಷ ಸುಮ್ಮನೆ ಹೊತ್ತು ತಿರುಗಬಲ್ಲನೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯವರಿಗೆ ಒಂದು ಹೊತ್ತಿನ ಉಪ್ಪಿಲ್ಲದ ಸಾರನ್ನೂ ಸುಮ್ಮನೆ ಉಣ್ಣಲು ಬರುವುದಿಲ್ಲ.

ಶಾಹೀನ ಎದ್ದು ಬಂದು ಕೂಸನ್ನು ಅತ್ತೆಯ ತೊಡೆಯ ಮೇಲೆ ಇಟ್ಟಳು. ಯಾರೂ ಹೇಳದೆಯೇ ಇಟ್ಟಳು. ಭಾಬಿ ಮೂಗು ಒರೆಸಿಕೊಂಡು, ಕಲ್ಲನ್ನು ಹಸಿರು ಬಟ್ಟೆಯಲ್ಲಿ ಸುತ್ತಿ, ಗಂಟು ಬಿಗಿದು ಪಕ್ಕಕ್ಕಿಟ್ಟು, ಕೈ ತೊಳೆದು ಬಂದಳು. ಆಮೇಲೆ ಖಾಲಿ ಸಲಾಯಿಯನ್ನು ನನ್ನ ಕೈಗೆ ಕೊಟ್ಟಳು.

"ಹಚ್ಚು."

"ಏನು ಹಚ್ಚಲಿ ಭಾಬಿ?"

"ಬರೇ ಸಲಾಯಿ. ರೆಪ್ಪಿ ಮ್ಯಾಲ. ಫುಪ್ಪು ಅನಸ್ಕೊಂಡು ಕೈ ಕಟ್ಕೊಂಡು ಕುಂತ್ರ ನಡೀತದೇನು?"

ಕೂಸು ನಿದ್ದೆ ಹೋಗಿತ್ತು. ಶಾಹೀನ ತಾನೇ ಕುಲಾವಿಯನ್ನು ಹಿಂದಕ್ಕೆ ಸರಿಸಿ, ಅದರ ತಲೆಗೆ ಕೈ ಆಸರೆ ಕೊಟ್ಟಳು. ಮುಚ್ಚಿದ ರೆಪ್ಪೆಗಳ ಮೇಲೆ, ತಾಗಿತೋ ಇಲ್ಲವೋ ಎಂಬಷ್ಟು ಹಗುರಾಗಿ ಸಲಾಯಿ ಎಳೆದೆ. ಕೂಸು ಹುಬ್ಬು ಗಂಟಿಕ್ಕಿತು. ಥೇಟು ನಮ್ಮ ಅಣ್ಣನ ಹುಬ್ಬು.

ಅಷ್ಟರಲ್ಲಿ ಹೊರಗೆ ಚಪ್ಪಲಿ ಬಿಡುವ ಸಪ್ಪಳ. ಕೂಸು ನೋಡಲು ಓಣಿಯ ಹೆಂಗಸರು ಬರುತ್ತಿದ್ದರು. ನಾನು ಗಾಬರಿಯಾಗಿ, "ಭಾಬಿ, ಯಾರರ ಕೇಳಿದ್ರ ಏನು ಹೇಳೂದು?" ಎಂದೆ.

"ಹುಸೇನಸಾಬ ತಂದ ಕಲ್ಲಿನ ಸುರ್ಮಾ ಹಚ್ಚೇನಿ ಅನ್ನು."

"ಸುಳ್ಳು ಹೇಳಂತೀ?"

"ಹೂಂ, ಹೇಳು. ಅವರೂ ನನಗ ಸುಳ್ಳು ಹೇಳಲಿಲ್ಲೇನು, ಸಾಯೂತನಕ?"

ಹೆಂಗಸರು ಒಳಗೆ ಬಂದು ಚಾಪೆಯ ತುಂಬ ಕೂತರು. ಒಬ್ಬಾಕೆ ಬಗ್ಗಿ, ಕೂಸಿನ ಗಲ್ಲ ಹಿಡಿದು ನೋಡಿ, "ಏನ್ರೀ ಟೀಚರ್, ಫುಪ್ಪು ಬಂದೂ ಸುರ್ಮಾ ಕಾಣವಲ್ದು?" ಎಂದಳು. ಎಲ್ಲರೂ ನನ್ನ ಕಡೆ ನೋಡಿದರು, ಭಾಬಿಯೂ.

"ಹಚ್ಚೇನ್ರಿ" ಎಂದೆ, ತರಗತಿಯಲ್ಲಿ ಹೇಳುವ ದನಿಯಲ್ಲಿ. "ಇದರ ದಾದಾ ಮದೀನಾದಿಂದ ತಂದ ಕಲ್ಲಿಂದು. ಖರೇ ಸುರ್ಮಾ ಹಂಗೆಲ್ಲಾ ಮ್ಯಾಲ ಕಾಣಂಗಿಲ್ರಿ."

ಆ ಹೆಂಗಸಿಗೆ ನಂಬಿಕೆ ಬಂತೋ ಇಲ್ಲವೋ, ಶಾಹೀನಳ ಮುಖ ನೋಡಿದಳು. ಶಾಹೀನ ಕೂಸಿನ ಕುಲಾವಿ ಕಟ್ಟುತ್ತ, ತಲೆ ಎತ್ತದೆ, "ಹೌದ್ರಿ, ನಮ್ಮ ಫುಪ್ಪು ಹಚ್ಚ್ಯಾರ" ಎಂದಳು.